ಎಂಟು ರೀಲಿನ ಒಂದು ಕಡಿಮೆ ಖರ್ಚಿನ ಚಿತ್ರ: ನೆಗೆಟಿವ್‌ನಿಂದ ಬ್ಲೂ-ರೇವರೆಗಿನ ದುರಸ್ತಿಯ ದಾಖಲೆ

ಈ ದಾಖಲೆ 1971ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಯಾರಾದ 78 ನಿಮಿಷದ ವರ್ಣಚಿತ್ರವೊಂದನ್ನು ದುರಸ್ತಿ ಮಾಡಿ ಬ್ಲೂ-ರೇ ಡಿಸ್ಕಿಗೆ ಸಿದ್ಧಪಡಿಸಿದ ಕೆಲಸದ್ದು. ಡಿಸ್ಕನ್ನು ಹೊರತರುವ ಸಂಸ್ಥೆ ಪ್ರಕಟಿಸುವವರೆಗೆ ಚಿತ್ರದ ಹೆಸರು ಹೇಳಬಾರದೆಂಬುದು ಒಪ್ಪಂದದ ಷರತ್ತು. ಆದ್ದರಿಂದ ಹೆಸರೊಂದನ್ನು ಬಿಟ್ಟು, ಕೈಗೆ ಬಂದ ಸಾಮಗ್ರಿ ಯಾವ ಸ್ಥಿತಿಯಲ್ಲಿತ್ತು, ಅದಕ್ಕೆ ನಾವು ಏನು ಮಾಡಿದೆವು, ಏನನ್ನು ಮಾಡದೆ ಬಿಟ್ಟೆವು, ಹಾಗೆ ಬಿಡಲು ಕಾರಣವೇನು ಎಂಬುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಚಿತ್ರದ ಕಥೆ ಸರಳವಾದದ್ದು: ಜೌಗುನಾಡಿನ ಅಂಚಿನ ಒಂದು ಊರು, ಅಲ್ಲೊಂದು ಕೊಲೆ, ಸತ್ತವನ ತಂಗಿ ತೀರಿಸಿಕೊಳ್ಳುವ ಸೇಡು.

ಎಕ್ಸ್‌ಪ್ಲಾಯ್ಟೇಷನ್ ಎಂದು ಕರೆಯಲಾಗುವ ಈ ಬಗೆಯ ಚಿತ್ರಗಳು ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳ ಹೊರಗೆ ಹುಟ್ಟಿದವು. 1934ರಿಂದ 1968ರವರೆಗೆ ಜಾರಿಯಲ್ಲಿದ್ದ ಪ್ರೊಡಕ್ಷನ್ ಕೋಡ್ ಎಂಬ ನೀತಿಸಂಹಿತೆ ಯಾವುದನ್ನು ತೋರಿಸಬಾರದೆಂದು ಸ್ಟುಡಿಯೋಗಳಿಗೆ ವಿಧಿಸಿತ್ತೋ ಅದೇ ಸಣ್ಣ ನಿರ್ಮಾಪಕರ ಬಂಡವಾಳವಾಯಿತು. ಕೋಡ್ ಹೋದ ಮೇಲೂ ಕಾರಿನಲ್ಲೇ ಕೂತು ಚಿತ್ರ ನೋಡುವ ಡ್ರೈವ್-ಇನ್ ಮೈದಾನಗಳಲ್ಲಿ, ನ್ಯೂಯಾರ್ಕಿನ 42ನೆಯ ಬೀದಿಯ ಚಿತ್ರಮಂದಿರಗಳಲ್ಲಿ ಈ ವ್ಯಾಪಾರ ವರ್ಷಗಳ ಕಾಲ ನಡೆಯಿತು. ಚಿತ್ರಮಂದಿರಗಳಲ್ಲಿ ಓಡಿಸಲು ತೆಗೆಸುತ್ತಿದ್ದ ಪ್ರಿಂಟುಗಳೇ ಕೆಲವು, ಅವು ಊರಿಂದೂರಿಗೆ ಸುತ್ತಿ ಹರಿದು ಹೋದವು. ನಿರ್ಮಾಪಕ ಬಾಕಿ ಕಟ್ಟದಿದ್ದರೆ, ಅಥವಾ ಲ್ಯಾಬ್ ಮುಚ್ಚಿದರೆ, ಆ ಪ್ರಿಂಟುಗಳಿಗೆ ಮೂಲವಾದ ನೆಗೆಟಿವ್‌ಗಳು ಯಾರದೋ ಗೋದಾಮಿನ ಪಾಲಾದವು. 1990ರಲ್ಲಿ ಸಿಯಾಟಲ್‌ನಲ್ಲಿ ಮೈಕ್ ವ್ರೇನಿ ಆರಂಭಿಸಿದ ಸಮ್‌ಥಿಂಗ್ ವಿಯರ್ಡ್ ವೀಡಿಯೊ ಇಂಥ ಚಿತ್ರಗಳನ್ನು ಟೇಪಿಗೆ ತಂದು ಉಳಿಸದಿದ್ದರೆ ಹಲವು ಹೆಸರುಗಳೇ ಅಳಿಸಿಹೋಗುತ್ತಿದ್ದವು. ಈಗ ಕನೆಕ್ಟಿಕಟ್‌ನ ವಿನೆಗರ್ ಸಿಂಡ್ರೋಮ್, ಟೆಕ್ಸಸ್ಸಿನ ಆಸ್ಟಿನ್‌ನಲ್ಲಿರುವ ಅಮೆರಿಕನ್ ಜಾನ್ರಾ ಫಿಲ್ಮ್ ಆರ್ಕೈವ್ ಮೊದಲಾದವು ನೆಗೆಟಿವ್‌ಗಳನ್ನೇ ಹುಡುಕಿ ಸ್ಕ್ಯಾನ್ ಮಾಡುತ್ತಿವೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹೊಸ ರೂಪದಲ್ಲಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡದ್ದನ್ನು ಕನ್ನಡಿಗರು ಬಲ್ಲರು. ಅಂಥ ಕೃತಿಗಳ ಬೆನ್ನಿಗೆ ಪ್ರತಿಷ್ಠಾನಗಳು ನಿಲ್ಲುತ್ತವೆ, ನಿಲ್ಲಲೂ ಬೇಕು. ನಾನು ಹೇಳುತ್ತಿರುವ ಚಿತ್ರಗಳಿಗಾದರೋ ಡಿಸ್ಕ್ ಕೊಳ್ಳುವ ಕೆಲವು ಸಾವಿರ ಜನರೇ ಪ್ರತಿಷ್ಠಾನ. ಆದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಫಿಲ್ಮಿನ ಕೊಳೆಯುವಿಕೆ ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂಬ ಭೇದ ಮಾಡುವುದಿಲ್ಲವಾದ್ದರಿಂದ ಎರಡಕ್ಕೂ ಬೇಕಾದ ಎಚ್ಚರ ಒಂದೇ.

ಕೆಲಸದುದ್ದಕ್ಕೂ ನಾವು ಇಟ್ಟುಕೊಂಡ ನಿಯಮವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಲ ಮಾಡಿದ ಹಾನಿಯನ್ನು ತೆಗೆಯಬೇಕು. ಚಿತ್ರ ಮಾಡಿದವರ ಕೈಯಿಂದ ಆದದ್ದನ್ನು, ಅದು ದೋಷವೇ ಆಗಿದ್ದರೂ, ಮುಟ್ಟಬಾರದು. ಹೇಳುವಷ್ಟು ಸುಲಭದ ನಿಯಮ ಇದಲ್ಲ. ಪರದೆಯ ಮೇಲೆ ಕಾಣುವ ಒಂದು ಗೀರು ಅಥವಾ ಒಂದು ಕತ್ತಲೆಯ ದೃಶ್ಯ ಯಾರ ಕೈಯದು ಎಂದು ತೀರ್ಮಾನಿಸುವುದೇ ಈ ಉದ್ಯೋಗದ ಮುಕ್ಕಾಲು ಪಾಲು ಕೆಲಸ.

ಬಂದ ಸಾಮಗ್ರಿ

ಕತ್ತರಿಸಿ ಜೋಡಿಸಿದ ಮೂಲ ಕ್ಯಾಮೆರಾ ನೆಗೆಟಿವ್ ಎಂಟು ಡಬ್ಬಿಗಳಲ್ಲಿ ಬಂದಿತು. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. 78 ನಿಮಿಷವೆಂದರೆ ಸುಮಾರು ಏಳು ಸಾವಿರ ಅಡಿ. ಜೊತೆಗೆ ಧ್ವನಿಯನ್ನು ಬೆಳಕಿನ ಗುರುತಾಗಿ ಮುದ್ರಿಸಿದ ಆಪ್ಟಿಕಲ್ ನೆಗೆಟಿವ್ ಇತ್ತು, ಎರಡು ಪ್ರಿಂಟುಗಳಿದ್ದವು. ಒಂದು ಪ್ರಿಂಟು ಮೊದಲ ಬಿಡುಗಡೆಯದು, ಬಹಳ ಓಡಿ ಸವೆದದ್ದು, ತುಂಬ ಜೋಡಣೆಗಳಿದ್ದದ್ದು. ಇನ್ನೊಂದು ಬೇರೆ ಹೆಸರಿನಲ್ಲಿ ಮರುಬಿಡುಗಡೆಯಾದಾಗಿನದು. ಅದು ಕಡಿಮೆ ಸವೆದಿದೆ, ಆದರೆ ಉದ್ದದಲ್ಲೂ ಕಡಿಮೆ. ಒಂದೇ ಚಿತ್ರಕ್ಕೆ ಹೊಸ ಹೆಸರು, ಹೊಸ ಪೋಸ್ಟರು ಕೊಟ್ಟು ನೋಡಿದವರಿಗೇ ಮತ್ತೆ ತೋರಿಸುವುದು ಆ ಕಾಲದ ವಿತರಕರ ರೂಢಿಯಾಗಿತ್ತು. ಅದರಿಂದ ನಮಗೆ ಆದ ತೊಂದರೆ ಏನೆಂದರೆ, ಮರುಬಿಡುಗಡೆಗಾಗಿ ಅವರು ನೆಗೆಟಿವ್ ಅನ್ನೇ ಕತ್ತರಿಸಿದ್ದರು. ಮೂಲ ಶೀರ್ಷಿಕೆಯ ಜಾಗದಲ್ಲಿ ಹೊಸದನ್ನು ಸೇರಿಸಿದ್ದರು, ಎರಡು ದೃಶ್ಯಗಳನ್ನು ಮೊಟಕುಗೊಳಿಸಿದ್ದರು, ಕತ್ತರಿಸಿದ ತುಣುಕುಗಳು ಯಾವ ಡಬ್ಬಿಯಲ್ಲೂ ಇರಲಿಲ್ಲ.

ಶೀರ್ಷಿಕೆಯ ಪ್ರಶ್ನೆ ಅಲಂಕಾರಕ್ಕೆ ಸಂಬಂಧಿಸಿದ್ದಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಹಕ್ಕುಸ್ವಾಮ್ಯದ ಸೂಚನೆಯಿಲ್ಲದೆ ಪ್ರಕಟವಾದ ಕೃತಿ ಸಾರ್ವಜನಿಕ ಸ್ವತ್ತಾಗುತ್ತಿತ್ತು. 1968ರಲ್ಲಿ ಪಿಟ್ಸ್‌ಬರ್ಗ್‌ನವರು ತಯಾರಿಸಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಹೆಸರು ಬದಲಾಯಿಸುವಾಗ ಆ ಸೂಚನೆಯ ಸಾಲು ಬಿಟ್ಟುಹೋದದ್ದರಿಂದಲೇ ತನ್ನ ಹಕ್ಕನ್ನು ಕಳೆದುಕೊಂಡಿತು. ನಮ್ಮ ಚಿತ್ರದ ಮೂಲ ಫಲಕದಲ್ಲಿ ಸೂಚನೆಯಿದೆ, ಮರುಬಿಡುಗಡೆಯ ಫಲಕದಲ್ಲಿಲ್ಲ. ಮೂಲ ಫಲಕ ಉಳಿದಿರುವುದು ಸವೆದ ಆ ಮೊದಲ ಪ್ರಿಂಟಿನಲ್ಲಿ ಮಾತ್ರ. ಕಾನೂನಿನ ವಿಚಾರವನ್ನು ವಕೀಲರಿಗೆ ಬಿಟ್ಟು, ಆ ಕೆಲವು ಅಡಿ ಫಿಲ್ಮನ್ನು ನಾವು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ ಭದ್ರಪಡಿಸಿದೆವು.

ಮೇಜಿನ ಮೇಲೆ

ಡಬ್ಬಿ ತೆರೆದ ಕೂಡಲೇ ಮಾಡುವುದು ಆಮ್ಲದ ಪರೀಕ್ಷೆ. ರಾಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ರೂಪಿಸಿದ ಎ-ಡಿ ಪಟ್ಟಿಯೆಂಬ ನೀಲಿ ಕಾಗದದ ತುಂಡನ್ನು ಡಬ್ಬಿಯೊಳಗಿಟ್ಟು ಮುಚ್ಚಿದರೆ, ಫಿಲ್ಮು ಬಿಡುವ ಅಸಿಟಿಕ್ ಆಮ್ಲದ ಪ್ರಮಾಣಕ್ಕೆ ತಕ್ಕಂತೆ ಅದು ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತದೆ. 0ಯಿಂದ 3ರವರೆಗಿನ ಅಳತೆಯಲ್ಲಿ 1.5 ದಾಟಿತೆಂದರೆ, ಹೊರಬಂದ ಆಮ್ಲವೇ ಮುಂದಿನ ಕೊಳೆತವನ್ನು ವೇಗಗೊಳಿಸುವ ಹಂತ ಬಂದಿದೆ ಎಂದರ್ಥ. ಏಳು ರೀಲುಗಳು ಅದರೊಳಗೇ ಇದ್ದವು. ಐದನೆಯ ರೀಲಿನ ಪಟ್ಟಿ ಹಳದಿಯಾಯಿತು. ಪಟ್ಟಿಯ ಅಗತ್ಯವೇ ಇಲ್ಲದಷ್ಟು ವಿನೆಗರ್ ವಾಸನೆ ಡಬ್ಬಿಯಿಂದ ಬರುತ್ತಿತ್ತು. ಆ ಆವಿ ಪಕ್ಕದ ಆರೋಗ್ಯವಂತ ಫಿಲ್ಮಿಗೂ ತಗಲುವುದರಿಂದ ಅದನ್ನು ಅಂದೇ ಬೇರೆ ಕೋಣೆಗೆ ಸಾಗಿಸಲಾಯಿತು.

ಕುಗ್ಗಿದ ಪ್ರಮಾಣ ತಿಳಿಯಲು ಅಂಚಿನ 100 ರಂಧ್ರಗಳ ಉದ್ದವನ್ನು ಅಳೆಯುತ್ತೇವೆ. 100 ರಂಧ್ರಗಳು ಸೇರಿ ಸುಮಾರು 475 ಮಿ.ಮೀ. ಆಗಬೇಕು, ಒಂದು ಶೇಕಡ ಕುಗ್ಗಿದ್ದರೆ ಸರಿಯಾಗಿ ಒಂದು ರಂಧ್ರದಷ್ಟು ವ್ಯತ್ಯಾಸ ಬರುತ್ತದೆ, ಆದ್ದರಿಂದ ಲೆಕ್ಕ ಕಣ್ಣಿಗೇ ಗೊತ್ತಾಗುತ್ತದೆ. ಏಳು ರೀಲುಗಳಲ್ಲಿ ಕುಗ್ಗುವಿಕೆ ಅರ್ಧ ಶೇಕಡದ ಆಸುಪಾಸಿನಲ್ಲಿತ್ತು. ಐದನೆಯದರಲ್ಲಿ ಅದು 1.4 ಶೇಕಡ, ಅಂಚುಗಳು ಸುಟ್ಟ ಹಪ್ಪಳದ ಅಂಚಿನಂತೆ ಅಲೆಅಲೆಯಾಗಿದ್ದವು, ಒಳಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಉಳಿದ ರೀಲುಗಳನ್ನು ಕೈಯಿಂದಲೇ ನಿಧಾನವಾಗಿ ಸುತ್ತುತ್ತ, ಎರಡು ಬೆರಳುಗಳ ನಡುವೆ ಅಂಚನ್ನು ಹಾಯಿಸಿ, ಸಿಗಿದ ರಂಧ್ರಗಳನ್ನೂ ಬಿಟ್ಟುಕೊಳ್ಳುತ್ತಿರುವ ಜೋಡಣೆಗಳನ್ನೂ ಗುರುತಿಸಿದೆವು. ಈ ಹಂತದಲ್ಲಿ ಯಂತ್ರ ಬಳಸುವವರನ್ನು ನಾನು ಒಪ್ಪುವುದಿಲ್ಲ. ಬೆರಳಿಗೆ ಸಿಗುವ ಸಣ್ಣ ಬಿರುಕು ಯಂತ್ರಕ್ಕೆ ಸಿಗುವುದು ಅದು ಪೂರ್ತಿ ಹರಿದ ಮೇಲೆಯೇ. ನೆಗೆಟಿವ್‌ನ ಜೋಡಣೆಗಳು ಸಿಮೆಂಟಿನವು, ಅಂದರೆ ದ್ರಾವಕದಿಂದ ಎರಡು ತುದಿಗಳನ್ನು ಕರಗಿಸಿ ಬೆಸೆದವು. ಐವತ್ತು ವರ್ಷಕ್ಕೆ ಅವು ಒಣಗಿ ಸಿಡಿಯುತ್ತವೆ. ಸಿಡಿದವುಗಳನ್ನು ಕೆರೆದು, ಒಂದು ಫ್ರೇಮೂ ಕಳೆಯದಂತೆ ಅದೇ ಜಾಗದಲ್ಲಿ ಮತ್ತೆ ಬೆಸೆದೆವು. ಪ್ರಿಂಟುಗಳಲ್ಲಿ ಹಿಂದೆ ಯಾರೋ ಹಾಕಿದ್ದ ಟೇಪಿನ ಅಂಟು ಹರಿದು ಪಕ್ಕದ ಸುತ್ತಿಗೂ ಹತ್ತಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನುಣುಪು ಬಟ್ಟೆಯಿಂದ ಒರೆಸಿ ಹೊಸ ಟೇಪು ಹಾಕಲಾಯಿತು.

ಅಂಚಿನಲ್ಲಿ ಕೊಡಾಕ್ ಮುದ್ರಿಸುವ ವೃತ್ತ, ಚೌಕ, ತ್ರಿಕೋನಗಳ ಗುರುತು ಫಿಲ್ಮು ತಯಾರಾದ ವರ್ಷವನ್ನು ಹೇಳುತ್ತದೆ. ಆ ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುವುದರಿಂದ ಫಿಲ್ಮಿನ ಬಗೆಯನ್ನೂ ಜೊತೆಗಿಟ್ಟು ಓದಬೇಕು. ನೆಗೆಟಿವ್ 1968ರಲ್ಲಿ ಬಂದ 5254 ಎಂಬ ಈಸ್ಟ್‌ಮನ್ ಕಲರ್ ಫಿಲ್ಮು. ಅದರ ನಡುವೆ ಅಲ್ಲಲ್ಲಿ ಹಿಂದಿನ 5251 ಫಿಲ್ಮಿನ ಶಾಟ್‌ಗಳಿದ್ದವು. ಯಾವುದೋ ದೊಡ್ಡ ಚಿತ್ರೀಕರಣದಲ್ಲಿ ಮಿಕ್ಕ ಹಳೆಯ ತುಂಡುಗಳನ್ನು ಕಡಿಮೆ ಬೆಲೆಗೆ ಕೊಂಡು ಬಳಸಿರಬೇಕು. ಈ ಎರಡು ಫಿಲ್ಮುಗಳ ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಸಣ್ಣ ಕಣಗಳ ರಚನೆ, ಬೇರೆ, ಬಣ್ಣದ ನಡತೆಯೂ ಬೇರೆ. ಒಂದೇ ಸಂಭಾಷಣೆಯಲ್ಲಿ ಅವಳ ಮುಖ ಒಂದು ಫಿಲ್ಮಿನಲ್ಲಿದ್ದರೆ ಅವನ ಮುಖ ಇನ್ನೊಂದರಲ್ಲಿದೆ. ಆ ವ್ಯತ್ಯಾಸವನ್ನು ಪೂರ್ತಿ ಅಳಿಸದೆ ಬಿಡಬೇಕೆಂದು ಅಂದೇ ನಿರ್ಧರಿಸಿದೆವು.

ಸ್ಕ್ಯಾನ್

ಹಲ್ಲುಚಕ್ರಗಳಿಲ್ಲದೆ ರೋಲರುಗಳ ಮೇಲೆಯೇ ಫಿಲ್ಮನ್ನು ನಡೆಸುವ ಸ್ಕ್ಯಾನರ್‌ನಲ್ಲಿ ಸುಮಾರು ನಾಲ್ಕು ಸಾವಿರ ಪಿಕ್ಸೆಲ್ ಅಗಲದ 4ಕೆ ಅಳತೆಯಲ್ಲಿ, ಪ್ರತಿ ಫ್ರೇಮನ್ನೂ ಒಂದೊಂದು ಕಡತವಾಗಿ ಇಡುವ 10 ಬಿಟ್ ಡಿಪಿಎಕ್ಸ್ ರೂಪದಲ್ಲಿ ಸ್ಕ್ಯಾನ್ ಮಾಡಿದೆವು. ಒಂದು ಫ್ರೇಮು ಸುಮಾರು 51 ಮೆಗಾಬೈಟ್. 1,12,320 ಫ್ರೇಮುಗಳಿಗೆ 5.7 ಟೆರಾಬೈಟ್ ಆಗುತ್ತದೆ. ಬ್ಲೂ-ರೇಗೆ ಇದರ ನಾಲ್ಕನೆಯ ಒಂದು ಭಾಗದ ಮಾಹಿತಿಯೂ ಬೇಕಿಲ್ಲ ಎಂಬುದು ನಿಜ. ಆದರೆ ಈ ನೆಗೆಟಿವ್ ಇನ್ನೊಮ್ಮೆ ಸ್ಕ್ಯಾನರ್ ಹತ್ತುತ್ತದೆಂಬ ಭರವಸೆ ಯಾರಿಗೂ ಇಲ್ಲದಿರುವಾಗ ಸಿಕ್ಕಷ್ಟನ್ನೂ ಈಗಲೇ ತೆಗೆದಿಡುವುದು ವಿವೇಕ. ಫಿಲ್ಮಿನ ಬೆನ್ನಿನ ಗೀರುಗಳು ಹೆಚ್ಚಿದ್ದ ಎರಡು ರೀಲುಗಳಿಗೆ ವೆಟ್ ಗೇಟ್ ಬಳಸಿದೆವು. ಫಿಲ್ಮಿನಷ್ಟೇ ವಕ್ರೀಭವನ ಸೂಚ್ಯಂಕವಿರುವ ದ್ರವ ಗೀರನ್ನು ತುಂಬಿಬಿಡುವುದರಿಂದ ಬೆಳಕು ಅಲ್ಲಿ ಚದುರುವುದಿಲ್ಲ, ಗೀರು ಚಿತ್ರದಲ್ಲಿ ಮೂಡುವುದಿಲ್ಲ. ಬಣ್ಣದ ಪದರವೇ ಕಿತ್ತುಹೋಗಿದ್ದರೆ ದ್ರವದಿಂದ ಪ್ರಯೋಜನವಿಲ್ಲ.

ಐದನೆಯ ರೀಲು

ಐದನೆಯ ರೀಲಿನ ಹೊರಗಿನ ಆರು ನಿಮಿಷದಷ್ಟು ಭಾಗ ಬಿಡಿಸಲು ಬಂದಿತು. ಅದನ್ನು ಅತಿ ಕಡಿಮೆ ಬಿಗಿತದಲ್ಲಿ, ನಿಧಾನಗತಿಯಲ್ಲಿ ಸ್ಕ್ಯಾನ್ ಮಾಡಲಾಯಿತು. ಫಿಲ್ಮು ಅಲೆಯಾಗಿದ್ದದ್ದರಿಂದ ಒಂದೇ ಫ್ರೇಮಿನಲ್ಲಿ ಎಡಭಾಗ ಸ್ಪಷ್ಟವಾಗಿ, ಬಲಭಾಗ ಮಸುಕಾಗಿ ಬರುತ್ತಿತ್ತು. ಅಂಥ ಶಾಟ್‌ಗಳನ್ನು ಬೇರೆ ಬೇರೆ ಫೋಕಸ್‌ನಲ್ಲಿ ಎರಡು ಸಲ ಸ್ಕ್ಯಾನ್ ಮಾಡಿ ಆಮೇಲೆ ಸೇರಿಸಿದೆವು. ಉಳಿದ ನಾಲ್ಕು ನಿಮಿಷ ಗಟ್ಟಿಯಾಗಿ ಅಂಟಿತ್ತು. ಬಲವಂತ ಮಾಡಿದರೆ ಬಣ್ಣದ ಪದರ ಕಿತ್ತುಬರುತ್ತದೆ. ಆ ನಾಲ್ಕು ನಿಮಿಷವನ್ನೂ, ನೆಗೆಟಿವ್‌ನಿಂದ ಮೊಟಕುಗೊಳಿಸಿದ್ದ ಎರಡು ದೃಶ್ಯಗಳನ್ನೂ ಪ್ರಿಂಟುಗಳಿಂದ ತುಂಬಿಸಬೇಕಾಯಿತು.

ಎರಡು ಪ್ರಿಂಟುಗಳೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. 1980ರ ದಶಕದ ಆರಂಭದಲ್ಲಿ ಬಾಳಿಕೆಯ ಬಣ್ಣಗಳ ಪ್ರಿಂಟ್ ಫಿಲ್ಮು ಬರುವುದಕ್ಕೆ ಮುಂಚಿನ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ಸಯಾನ್ ಎಂಬ ಹಸಿರುನೀಲಿ ಬಣ್ಣ ಕತ್ತಲೆಯಲ್ಲಿಟ್ಟರೂ ಮಾಸುತ್ತದೆ, ಮಜೆಂಟಾ ಎಂಬ ನೇರಳೆಗೆಂಪು ಉಳಿಯುತ್ತದೆ. ಸ್ಕ್ಯಾನ್ ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಾಗಿ ದಾಖಲಿಸುತ್ತದೆ. ಅದರ ಕೆಂಪು ಚಾನೆಲ್ ಓದುವುದು ಆ ಸಯಾನ್ ಅನ್ನೇ. ಅಲ್ಲಿ ಉಳಿದಿದ್ದ ಅಲ್ಪ ವ್ಯತ್ಯಾಸವನ್ನು ಎಳೆದು ಹಿಗ್ಗಿಸಿದರೆ ಅದರೊಡನೆ ಗ್ರೇನ್ ಕೂಡ ಉಬ್ಬುತ್ತದೆ. ಆದ್ದರಿಂದ ಚಿತ್ರದ ಸೂಕ್ಷ್ಮ ವಿವರವನ್ನು ಗಟ್ಟಿಯಾಗಿದ್ದ ಹಸಿರು ಚಾನೆಲ್‌ನಿಂದ ತೆಗೆದುಕೊಂಡು, ಕೆಂಪು ಚಾನೆಲ್‌ನಿಂದ ಬಣ್ಣದ ಸೂಚನೆಯನ್ನು ಮಾತ್ರ, ಅದನ್ನೂ ಮೃದುಗೊಳಿಸಿ, ಬಳಸಿದೆವು. ಅದೇ ಉಡುಪು, ಅದೇ ಕೋಣೆ ನಾಲ್ಕನೆಯ ಮತ್ತು ಆರನೆಯ ರೀಲುಗಳ ನೆಗೆಟಿವ್‌ನಲ್ಲಿ ಇದ್ದದ್ದು ಹೋಲಿಕೆಗೆ ಒದಗಿತು. ಆದರೂ ಜೋಡಿಸಿದ ಜಾಗ ನೋಡುವವರಿಗೆ ತಿಳಿಯುತ್ತದೆ. ಅದನ್ನು ಮರೆಮಾಚಲು ಸುತ್ತಲಿನ ಒಳ್ಳೆಯ ಚಿತ್ರವನ್ನು ಮಸುಕುಗೊಳಿಸುವ ಪದ್ಧತಿಯೊಂದಿದೆ. ಅದನ್ನು ನಾವು ಅನುಸರಿಸಲಿಲ್ಲ.

ಸವೆದ ಪ್ರಿಂಟಿನ ಗೀರುಗಳು ಒಂದು ಉಪಕಾರವನ್ನೂ ಮಾಡಿದವು. ಪ್ರಿಂಟ್ ಫಿಲ್ಮಿನಲ್ಲಿ ಮೇಲಿನ ಪದರ ಮಜೆಂಟಾ, ನಡುವಿನದು ಸಯಾನ್, ತಳದ್ದು ಹಳದಿ. ಬಣ್ಣ ಮಾಸಿರದ ಪ್ರಿಂಟಿನಲ್ಲಿ ಮೇಲುಮೇಲಿನ ಗೀರು ಹಸಿರಾಗಿ, ಇನ್ನೂ ಆಳದ್ದು ಹಳದಿಯಾಗಿ, ಪೂರ್ತಿ ಕೆತ್ತಿದ್ದು ಬಿಳಿಯಾಗಿ ಕಾಣುವುದು ಇದರಿಂದಲೇ. ನಮ್ಮ ಪ್ರಿಂಟಿನ ಹೆಚ್ಚಿನ ಗೀರುಗಳು ತಳದ ಪದರವನ್ನು ಮುಟ್ಟಿರಲಿಲ್ಲ. ಆದ್ದರಿಂದ ಹಳದಿಯನ್ನು ಓದುವ ನೀಲಿ ಚಾನೆಲ್‌ನಲ್ಲಿ ಗೀರಿನ ಜಾಗದಲ್ಲೂ ಚಿತ್ರ ಬಹುಮಟ್ಟಿಗೆ ಉಳಿದಿತ್ತು, ಅದನ್ನೇ ಆಧಾರ ಮಾಡಿಕೊಂಡು ಉಳಿದೆರಡು ಚಾನೆಲ್‌ಗಳನ್ನು ತುಂಬಿಸಲು ಸಾಧ್ಯವಾಯಿತು. ಪಕ್ಕದ ಫ್ರೇಮಿನಿಂದ ತುಂಡು ತಂದು ಮುಚ್ಚುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕವಾದ ವಿಧಾನ. ಏಕೆಂದರೆ ಆ ಕ್ಷಣದ ಚಿತ್ರವೇ ಅಲ್ಲಿರುತ್ತದೆ.

ಹಗಲಿನಲ್ಲಿ ತೆಗೆದ ರಾತ್ರಿ

ಕೆಲಸದ ಹೃದಯ ಭಾಗ ಏಳನೆಯ ರೀಲು. ನಾಯಕಿ ಜೌಗಿನೊಳಗೆ ಓಡುತ್ತಾಳೆ, ಮೂವರು ಟಾರ್ಚ್ ಹಿಡಿದು ಹುಡುಕುತ್ತ ಬರುತ್ತಾರೆ. ನೆಗೆಟಿವ್ ಅನ್ನು ನೇರವಾಗಿ ಸ್ಕ್ಯಾನ್ ಮಾಡಿ ನೋಡಿದರೆ ಅದು ಮಟಮಟ ಮಧ್ಯಾಹ್ನ. ಹಿಂದೆ ವೀಡಿಯೊ ಟೇಪಿನಲ್ಲಿ ಬಂದ ಪ್ರತಿಯಲ್ಲೂ ಹಾಗೆಯೇ ಇತ್ತು, ಬಿಸಿಲಿನಲ್ಲಿ ಟಾರ್ಚ್ ಹಿಡಿದು ಅಲೆಯುವ ಖಳರನ್ನು ಕಂಡು ನೋಡಿದವರೆಲ್ಲ ನಿರ್ದೇಶಕನಿಗೆ ಬುದ್ಧಿಯಿರಲಿಲ್ಲವೆಂದು ತೀರ್ಮಾನಿಸಿದ್ದರು. ದೀಪಗಳಿಗೆ, ಜನರೇಟರಿಗೆ ಹಣವಿಲ್ಲದವರು ಹಗಲಿನಲ್ಲೇ ಚಿತ್ರೀಕರಿಸಿ, ಪ್ರಿಂಟು ತೆಗೆಯುವಾಗ ಗಾಢಗೊಳಿಸಿ, ನೀಲಿಗೆ ತಿರುಗಿಸಿ ರಾತ್ರಿಯೆಂದು ತೋರಿಸುವ ಡೇ ಫಾರ್ ನೈಟ್ ಪದ್ಧತಿ ಅದು. ರಾತ್ರಿ ಹುಟ್ಟುವುದು ಲ್ಯಾಬಿನಲ್ಲಿ, ನೆಗೆಟಿವ್‌ನಲ್ಲಿ ಅದರ ಸುಳಿವೂ ಇರುವುದಿಲ್ಲ.

ನಮ್ಮ ಪುಣ್ಯಕ್ಕೆ ಡಬ್ಬಿಯೊಳಗೆ ಲ್ಯಾಬಿನ ಟೈಮಿಂಗ್ ಕಾರ್ಡ್ ಇತ್ತು. ಪ್ರತಿ ಶಾಟಿಗೂ ಕೆಂಪು, ಹಸಿರು, ನೀಲಿ ಬೆಳಕನ್ನು ಎಷ್ಟು ಕೊಡಬೇಕೆಂದು 1ರಿಂದ 50ರವರೆಗಿನ ಅಂಕಿಗಳಲ್ಲಿ ಬರೆದಿಟ್ಟ ಪಟ್ಟಿ ಅದು. ಹಗಲಿನ ಶಾಟ್‌ಗಳಿಗೆ 29-27-28ರ ಆಸುಪಾಸಿನ ಅಂಕಿಗಳಿದ್ದರೆ, ಜೌಗಿನ ಓಟದಲ್ಲಿ ಅವು ಒಮ್ಮೆಗೇ 44-41-33ಕ್ಕೆ ಏರುತ್ತವೆ. ನೆಗೆಟಿವ್‌ನಿಂದ ಪ್ರಿಂಟು ತೆಗೆಯುವಾಗ ಬೆಳಕು ಹೆಚ್ಚಿದಷ್ಟೂ ಪ್ರಿಂಟು ಕಪ್ಪಾಗುತ್ತದೆ. ಕೆಂಪು ಬೆಳಕು ಸಯಾನ್ ಅನ್ನೂ ಹಸಿರು ಬೆಳಕು ಮಜೆಂಟಾವನ್ನೂ ಹುಟ್ಟಿಸುತ್ತವೆ, ಅವೆರಡೂ ಸೇರಿದರೆ ನೀಲಿ. ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಆ ಮೂರು ಅಂಕಿಗಳಲ್ಲಿ ಇಡೀ ರಾತ್ರಿ ಅಡಗಿತ್ತು. ಮುಖದ ಮೇಲೆ ಚೂರು ಬೆಳಕು ಉಳಿಯಬೇಕು, ಆಕಾಶ ಬೆಳಗಬಾರದು ಎಂದು ಈ ಅಂಕಿಗಳನ್ನು ನಿರ್ಧರಿಸುವ ಯಾರೋ ಒಬ್ಬ ಟೈಮರ್ ಶಾಟಿನಿಂದ ಶಾಟಿಗೆ ಒಂದೆರಡು ಅಂಕಿಗಳನ್ನು ಏರಿಸಿ ಇಳಿಸಿದ್ದಾನೆ. ಅವನ ಹೆಸರು ಚಿತ್ರದ ಯಾವ ಫಲಕದಲ್ಲೂ ಇಲ್ಲ.

ಅಂಕಿಗಳನ್ನು ಹಾಗೆಯೇ ಇಂದಿನ ಕಲರ್ ಗ್ರೇಡಿಂಗ್ ಯಂತ್ರಕ್ಕೆ ಹಾಕಿದರೆ ಅದೇ ಫಲ ಬರುವುದಿಲ್ಲ. ಪ್ರಿಂಟ್ ಫಿಲ್ಮಿನ ನಡತೆಯನ್ನು ಅನುಕರಿಸುವ ಲುಟ್ ಎಂಬ ಬಣ್ಣಪರಿವರ್ತನೆಯ ಕೋಷ್ಟಕವೊಂದನ್ನು ನಡುವೆ ಇಟ್ಟು, ಒಂದು ಅಂಕಿಯ ಏರಿಕೆಗೆ ಎಷ್ಟು ಗಾಢತೆ ಎಂಬುದನ್ನು ಹಗಲಿನ ಶಾಟ್‌ಗಳ ಮೇಲೆ ಹೊಂದಿಸಿಕೊಂಡು ಆಮೇಲೆ ರಾತ್ರಿಗೆ ಬಂದೆವು. ಸರಿಯಾಗಿದೆಯೇ ಎಂದು ತಾಳೆ ನೋಡಲು ಆ ಗುಲಾಬಿ ಪ್ರಿಂಟೇ ನೆರವಾಯಿತು. ಅದರಲ್ಲಿ ಬಣ್ಣ ಹೋಗಿದ್ದರೂ ಮಜೆಂಟಾದ ಸಾಂದ್ರತೆ ಇದೆ. ಯಾವ ಶಾಟು ಯಾವುದಕ್ಕಿಂತ ಎಷ್ಟು ಕತ್ತಲೆಯಾಗಿತ್ತೆಂಬುದನ್ನು ಅದರಿಂದ ಅಳೆಯಬಹುದು. ಮಾಸಿದ ಪ್ರಿಂಟುಗಳನ್ನು ನಿಷ್ಪ್ರಯೋಜಕವೆಂದು ಎಸೆಯುವವರಿಗೆ ನಾನು ಹೇಳಬಯಸುವುದು ಇದನ್ನೇ. ನೆಗೆಟಿವ್‌ನಲ್ಲಿರುವುದು ಕ್ಯಾಮೆರಾ ಕಂಡದ್ದು, ಪ್ರೇಕ್ಷಕರು ಕಂಡದ್ದು ಪ್ರಿಂಟಿನಲ್ಲಿ ಮಾತ್ರ ಇರುತ್ತದೆ.

ಈ ಓಟದ ಮಧ್ಯೆ ಒಂದು ಶಾಟಿದೆ: ಮರದ ಬೇರಿಗೆ ಎಡವಿ ಅವಳು ಬೀಳುವ ಕ್ಷಣ. ಕಾರ್ಡಿನಲ್ಲಿ ಅದಕ್ಕೆ ಹಗಲಿನ ಅಂಕಿಯೇ ಇದೆ, ಮೊದಲ ಬಿಡುಗಡೆಯ ಪ್ರಿಂಟಿನಲ್ಲೂ ಅದು ಹಗಲಾಗಿಯೇ ಬಂದಿದೆ. ರಾತ್ರಿಯ ನಡುವೆ ಎರಡು ಸೆಕೆಂಡು ಬಿಸಿಲು. ಸುತ್ತಲಿನ ಶಾಟ್‌ಗಳಿಗೆ ಹೊಂದುವಂತೆ ಅದನ್ನು ಕತ್ತಲೆಗೊಳಿಸುವುದು ಯಂತ್ರಕ್ಕೆ ಕ್ಷಣದ ಕೆಲಸ. ಡಿಸ್ಕ್ ಹೊರತರುವವರ ಮೊದಲ ಅಪೇಕ್ಷೆಯೂ ಅದೇ ಆಗಿತ್ತು. ನಾನು ಒಪ್ಪಲಿಲ್ಲ. ಟೇಪಿನಲ್ಲಿ ಕಾಣುತ್ತಿದ್ದ ಮಧ್ಯಾಹ್ನ ಚಿತ್ರ ಮಾಡಿದವರದಲ್ಲ, ಆದ್ದರಿಂದ ಅದನ್ನು ಸರಿಪಡಿಸಿದೆವು. ಈ ಎರಡು ಸೆಕೆಂಡು ಅವರದೇ. 1971ರಲ್ಲಿ ಟಿಕೆಟ್ ಕೊಂಡವರೆಲ್ಲ ಅದನ್ನು ಹಾಗೆಯೇ ಕಂಡಿದ್ದಾರೆ. ಒಂದನ್ನು ಸರಿಪಡಿಸಲು ಯಾವ ಕಾರಣ ಸಾಲುತ್ತದೋ ಅದೇ ಕಾರಣ ಇನ್ನೊಂದನ್ನು ಮುಟ್ಟದಂತೆ ತಡೆಯುತ್ತದೆ. ಎರಡೂ ಬಗೆಯಲ್ಲಿ ತೋರಿಸಿ ಚರ್ಚಿಸಿದ ಮೇಲೆ ಅವರು ಒಪ್ಪಿದರು, ಶಾಟು ಹಗಲಾಗಿಯೇ ಉಳಿಯಿತು.

ಮೈಕ್ರೊಫೋನಿನ ಪ್ರಶ್ನೆಯೂ ಇದೇ ಬಗೆಯದು. ಕ್ಯಾಮೆರಾ 1.37:1 ಅನುಪಾತದ ಪೂರ್ಣ ಚೌಕಟ್ಟನ್ನು ಸೆರೆಹಿಡಿದಿದೆ. ಚಿತ್ರಮಂದಿರದಲ್ಲಿ ಮೇಲೆ ಕೆಳಗೆ ಮುಚ್ಚಿ 1.85:1ರಲ್ಲಿ ತೋರಿಸುತ್ತಿದ್ದರು. ಟೇಪಿನ ಪ್ರತಿಯಲ್ಲಿ ಮುಚ್ಚದೆ ಪೂರ್ತಿ ಬಿಟ್ಟದ್ದರಿಂದ ಮೇಲಂಚಿನಲ್ಲಿ ಮೈಕು ಇಣುಕುತ್ತಿತ್ತು, ಅದೂ ನಗೆಪಾಟಲಾಯಿತು. ಛಾಯಾಗ್ರಾಹಕ ಎಲ್ಲ ಶಾಟ್‌ಗಳಲ್ಲೂ 1.85ರ ಗೆರೆಯೊಳಗೆ ತಲೆಗಳನ್ನು ಸರಿಯಾಗಿಯೇ ಇರಿಸಿದ್ದಾನೆ. ಸರಿಯಾದ ಅನುಪಾತದಲ್ಲಿ ನೋಡಿದರೆ ಇಡೀ ಚಿತ್ರದಲ್ಲಿ ಮೈಕು ಕಾಣಿಸುವುದು ಒಂದೇ ಒಂದು ಕಡೆ, ಅದನ್ನು ಹಾಗೆಯೇ ಉಳಿಸಿದ್ದೇವೆ.

ಧೂಳು ಮತ್ತು ಗೀರು

ನೆಗೆಟಿವ್ ಮೇಲಿನ ಧೂಳು ಚಿತ್ರದಲ್ಲಿ ಬಿಳಿಯ ಚುಕ್ಕೆಯಾಗುತ್ತದೆ, ಪ್ರಿಂಟಿನ ಮೇಲಿನದು ಕಪ್ಪು ಚುಕ್ಕೆಯಾಗುತ್ತದೆ. ತಂತ್ರಾಂಶ ಇವನ್ನು ತಾನೇ ಹುಡುಕಿ ತೆಗೆಯಬಲ್ಲದು. ಒಂದೇ ಫ್ರೇಮಿನಲ್ಲಿದ್ದು ಹಿಂದಿನ ಮುಂದಿನ ಫ್ರೇಮುಗಳಲ್ಲಿ ಇಲ್ಲದ್ದೆಲ್ಲ ಕಸ ಎಂಬುದು ಅದರ ಲೆಕ್ಕ. ಈ ಬಗೆಯ ಚಿತ್ರಕ್ಕೆ ಆ ಲೆಕ್ಕ ಅಪಾಯಕಾರಿ. ಮಚ್ಚಿನ ಏಟಿಗೆ ಚಿಮ್ಮುವ ಕೃತಕ ರಕ್ತದ ಹನಿಗಳೂ ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಇರುತ್ತವೆ, ಜೌಗಿನ ನೀರಿನ ಮಿನುಗು, ಬೆಂಕಿಯ ಕಿಡಿ ಕೂಡ ಹಾಗೆಯೇ. ಪೂರ್ತಿ ಸ್ವಯಂಚಾಲಿತವಾಗಿ ಬಿಟ್ಟರೆ ತಂತ್ರಾಂಶ ರಕ್ತವನ್ನು ಕಸವೆಂದು ಗುಡಿಸಿಹಾಕುತ್ತದೆ. ಜನ ಯಾವುದನ್ನು ನೋಡಲು ಬಂದಿದ್ದರೋ ಅದೇ ಇಲ್ಲವಾಗುತ್ತದೆ. ಆದ್ದರಿಂದ ಹಿಂಸೆಯ ದೃಶ್ಯಗಳನ್ನೂ ನೀರಿನ ದೃಶ್ಯಗಳನ್ನೂ ಸ್ವಯಂಚಾಲಿತ ಹಂತದಿಂದ ಹೊರಗಿಟ್ಟು ಫ್ರೇಮು ಫ್ರೇಮಾಗಿ ಕೈಯಿಂದ ಶುದ್ಧಗೊಳಿಸಿದೆವು.

ಎರಡನೆಯ ರೀಲಿನ ಒಂದು ಶಾಟಿನಲ್ಲಿ ಕೆಳಗಿನ ಅಂಚಿನಿಂದ ಒಂದು ಎಳೆ ಎದ್ದು ಅಲುಗಾಡುತ್ತದೆ. ಚಿತ್ರೀಕರಣದ ವೇಳೆ ಕ್ಯಾಮೆರಾದಲ್ಲಿ ಫಿಲ್ಮಿಗೆ ಬೆಳಕು ಬೀಳುವ ಕಿಂಡಿಯಾದ ಗೇಟಿಗೆ ಸಿಕ್ಕಿಕೊಂಡ ಎಳೆ ಅದು. ಮರುಚಿತ್ರೀಕರಣಕ್ಕೆ ಫಿಲ್ಮಿಲ್ಲದ್ದರಿಂದ ಅದನ್ನೇ ಬಳಸಿದ್ದಾರೆ. ಅದು ಅಲ್ಲೇ ಇದೆ. ಆದರೆ ಆಮೇಲೆ ಪ್ರಿಂಟು ತೆಗೆಯುವಾಗಲೋ ಓಡಿಸುವಾಗಲೋ ಬಿದ್ದ ಗೀರುಗಳನ್ನೆಲ್ಲ ತೆಗೆದಿದ್ದೇವೆ. ಜೋಡಣೆಯ ಬಳಿ ಒಂದೆರಡು ಫ್ರೇಮು ಜಿಗಿಯುವುದನ್ನು ಸ್ಥಿರಗೊಳಿಸಿದ್ದೇವೆ, ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕವನ್ನು ಮುಟ್ಟಿಲ್ಲ. ಗ್ರೇನ್ ಅಳಿಸುವ ಯಾವ ಉಪಕರಣವನ್ನೂ ನೆಗೆಟಿವ್‌ನಿಂದ ಬಂದ ಭಾಗಗಳ ಮೇಲೆ ಓಡಿಸಿಲ್ಲ. ಚರ್ಮದ ರಚನೆ, ಬಟ್ಟೆಯ ನೇಯ್ಗೆ, ಜೌಗಿನ ಮಂಜು ಎಲ್ಲವೂ ಅದೇ ಗ್ರೇನಿನಲ್ಲಿವೆ. ಅದನ್ನು ತೆಗೆದರೆ ಉಳಿಯುವುದು ಮೇಣದ ಮುಖಗಳು.

ಧ್ವನಿ

ಧ್ವನಿಯ ನೆಗೆಟಿವ್ ಒಳ್ಳೆಯ ಸ್ಥಿತಿಯಲ್ಲಿದ್ದರೂ ಅದನ್ನು ನೇರವಾಗಿ ಬಳಸಲಿಲ್ಲ. ನೆಗೆಟಿವ್‌ನಲ್ಲಿ ಬೆಳಕು ಹರಡಿ ಆಗುವ ವಿಕಾರವನ್ನು ಪ್ರಿಂಟಿನಲ್ಲಿ ಆಗುವ ವಿಕಾರ ಸರಿದೂಗಿಸಲಿ ಎಂಬ ಲೆಕ್ಕದಲ್ಲೇ ಆಪ್ಟಿಕಲ್ ಧ್ವನಿಪಟ್ಟಿಯನ್ನು ಮುದ್ರಿಸುತ್ತಾರೆ. ನೆಗೆಟಿವ್ ಅನ್ನೇ ಓದಿದರೆ ‘ಸ’ಕಾರಗಳೆಲ್ಲ ಉಗುಳಿದಂತೆ ಕೇಳುತ್ತವೆ. ಆದ್ದರಿಂದ ಮೊದಲ ಬಿಡುಗಡೆಯ ಪ್ರಿಂಟಿನ ಧ್ವನಿಯನ್ನು ಮೂಲವಾಗಿಟ್ಟುಕೊಂಡೆವು. ಪ್ರಿಂಟಿನಲ್ಲಿ ಒಂದು ಫ್ರೇಮಿಗೆ ಸಂಬಂಧಿಸಿದ ಧ್ವನಿ ಸುಮಾರು 20 ಫ್ರೇಮು ಮುಂದೆ ಇರುತ್ತದೆ. ಹರಿದು ಜೋಡಿಸಿದ ಕಡೆ ಚಿತ್ರ ಕಳೆದುಹೋದ ಜಾಗವೇ ಬೇರೆ, ಮಾತು ಕಳೆದುಹೋದ ಜಾಗವೇ ಬೇರೆ. ಎಲ್ಲ ಜೋಡಣೆಗಳಲ್ಲೂ ಇವೆರಡನ್ನು ಪ್ರತ್ಯೇಕವಾಗಿ ಲೆಕ್ಕಹಾಕಿ, ಇಲ್ಲದ ಪದಗಳನ್ನು ಮರುಬಿಡುಗಡೆಯ ಪ್ರಿಂಟಿನಿಂದ, ಅಲ್ಲೂ ಸಿಗದಿದ್ದರೆ ಧ್ವನಿಯ ನೆಗೆಟಿವ್‌ನಿಂದ ತಿದ್ದಿ ತಂದೆವು.

ಪ್ರಿಂಟು ಓಡಿ ಹುಟ್ಟಿದ ಚಟಪಟ ಸದ್ದನ್ನು ತೆಗೆದಿದ್ದೇವೆ. ಒಳಾಂಗಣದ ದೃಶ್ಯಗಳಲ್ಲಿ ಹಿನ್ನೆಲೆಗೆ ಕೇಳುವ ಕ್ಯಾಮೆರಾದ ಗುರುಗುಟ್ಟುವಿಕೆಯನ್ನು ತೆಗೆದಿಲ್ಲ. ಸದ್ದಡಗಿಸುವ ಹೊದಿಕೆಯಿಲ್ಲದ ಕ್ಯಾಮೆರಾದ ಪಕ್ಕದಲ್ಲೇ ನಟರು ಮಾತಾಡಿದ್ದಾರೆ, ಆ ಸದ್ದು ಚಿತ್ರೀಕರಣದ ಭಾಗ. ಮಾತಿನ ಎತ್ತರದ ಸ್ವರಗಳನ್ನು ಇಂದಿನ ಕಿವಿಗೆ ಹಿತವಾಗುವಂತೆ ಏರಿಸಬೇಕೆಂಬ ಸಲಹೆಯನ್ನೂ ಕೈಬಿಟ್ಟೆವು. ಆಗಿನ ಚಿತ್ರಮಂದಿರಗಳ ಧ್ವನಿವ್ಯವಸ್ಥೆ ಎತ್ತರದ ಆವರ್ತಗಳನ್ನು ತಗ್ಗಿಸಿಯೇ ನುಡಿಸುತ್ತಿತ್ತು, ಮಿಶ್ರಣ ಮಾಡಿದವರು ಅದಕ್ಕೆ ತಕ್ಕಂತೆಯೇ ಮಾಡಿದ್ದರು.

ಡಿಸ್ಕ್

ಗ್ರೇನ್ ಉಳಿಸಿಕೊಂಡ ಚಿತ್ರವನ್ನು ಸಂಕುಚಿಸುವುದು ಕಷ್ಟ; ಬಿಟ್‌ರೇಟ್ ಸಾಲದಿದ್ದರೆ ಗ್ರೇನ್ ಚೌಕಚೌಕವಾಗಿ ಒಡೆಯುತ್ತದೆ. ಸೆಕೆಂಡಿಗೆ ಸರಾಸರಿ 35 ಮೆಗಾಬಿಟ್ ಕೊಟ್ಟೆವು. 78 ನಿಮಿಷಕ್ಕೆ ಸುಮಾರು 20 ಗಿಗಾಬೈಟ್ ಆಗುತ್ತದೆ, 50 ಗಿಗಾಬೈಟಿನ ಡಿಸ್ಕಿನಲ್ಲಿ ಮರುಬಿಡುಗಡೆಯ ಶೀರ್ಷಿಕೆಗೂ ಮತ್ತಿತರ ಪೂರಕ ಭಾಗಗಳಿಗೂ ಜಾಗ ಉಳಿಯುತ್ತದೆ. ಜೌಗಿನ ರಾತ್ರಿಯ ಮಂಜಿನಲ್ಲಿ ಮೊದಲ ಎನ್‌ಕೋಡ್ ಪಟ್ಟೆಪಟ್ಟೆಯಾಗಿ ಬಂದದ್ದರಿಂದ ಆ ಭಾಗಕ್ಕೆ ಬಿಟ್‌ರೇಟ್ ಏರಿಸಿ ಮತ್ತೆ ಮಾಡಲಾಯಿತು. ಕಿವಿ ಕೇಳದವರಿಗಾಗಿ ಉಪಶೀರ್ಷಿಕೆಯನ್ನೂ ಸಿದ್ಧಪಡಿಸಲಾಗಿದೆ.

ಯಾವ ಫ್ರೇಮಿನಿಂದ ಯಾವ ಫ್ರೇಮಿನವರೆಗೆ ನೆಗೆಟಿವ್, ಎಲ್ಲಿ ಯಾವ ಪ್ರಿಂಟು, ಯಾವ ಪದ ಎಲ್ಲಿಂದ ಬಂದಿತು ಎಂಬ ಪಟ್ಟಿಯನ್ನು ಡಿಸ್ಕಿನ ಜೊತೆಯ ಪುಸ್ತಿಕೆಯಲ್ಲಿ ಸಂಕ್ಷೇಪವಾಗಿ ಕೊಡಬೇಕೆಂಬ ನಮ್ಮ ಕೋರಿಕೆ ಒಪ್ಪಿಗೆಯಾಗಿದೆ. ಪೂರ್ತಿ ಪಟ್ಟಿ, ತಿದ್ದದ ಮೂಲ ಸ್ಕ್ಯಾನ್‌ಗಳು, ಟೈಮಿಂಗ್ ಕಾರ್ಡಿನ ಚಿತ್ರಗಳು ಎಲ್‌ಟಿಓ ಎಂಬ ದತ್ತಾಂಶ ಸಂಗ್ರಹದ ಟೇಪಿನ ಎರಡು ಪ್ರತಿಗಳಲ್ಲಿ ಎರಡು ಬೇರೆ ಊರುಗಳಲ್ಲಿವೆ. ಏಳು ರೀಲುಗಳು ತಂಪು ಉಗ್ರಾಣಕ್ಕೆ ಹಿಂದಿರುಗಿವೆ. ಐದನೆಯ ರೀಲನ್ನು ಆಮ್ಲ ಹೀರುವ ಮಾಲಿಕ್ಯುಲರ್ ಸೀವ್ ಪೊಟ್ಟಣಗಳೊಡನೆ ಬೇರೆಯಾಗಿ ಇರಿಸಿದ್ದೇವೆ. ಅಂಟಿಕೊಂಡ ಆ ನಾಲ್ಕು ನಿಮಿಷವನ್ನು ಹಾನಿಯಿಲ್ಲದೆ ಬಿಡಿಸುವ ವಿಧಾನ ಮುಂದೆ ಯಾರಿಗಾದರೂ ಒದಗಿದರೆ, ಪ್ರಿಂಟಿನಿಂದ ತುಂಬಿಸಿದ ಫ್ರೇಮುಗಳನ್ನು ಪಟ್ಟಿ ನೋಡಿ ಒಂದೊಂದಾಗಿ ಬದಲಾಯಿಸಬಹುದು.